ಎರಡು ಬಾಯಿಯ ಮಾತು

ಮನೆಯಲ್ಲಿ ಅವಳು ದೊಡ್ಡವಳು, ಕಚೇರಿಯಲ್ಲಿ ಡಿಪ್ಲೊಮಾ. ಮೊದಲ ಹೆಸರು ತಂಗಿ ಹುಟ್ಟಿದ ದಿನ ಬಂದದ್ದು, ಎರಡನೆಯದು ಪತ್ರಿಕೆಗೆ ಸೇರಿದ ದಿನ. ಆವತ್ತು ಕ್ರೀಡಾ ಪುಟದ ವರದಿಗಾರರು ಅವಳ ಅರ್ಜಿಯನ್ನು ಭುಜದ ಮೇಲಿಂದ ಇಣುಕಿ ನೋಡಿ, “ಕೇಳ್ರಪ್ಪಾ, ನಮ್ಮ ಕಸುಬಿಗೂ ಡಿಪ್ಲೊಮಾ ಇದೆಯಂತೆ! ನಾವೆಲ್ಲ ಸುಮ್ನೆ ಬಂದ್ಬಿಟ್ವಿ” ಎಂದು ಇಡೀ ಕಚೇರಿಗೆ ಕೇಳುವಂತೆ ಹೇಳಿದ್ದರು. ಅಂದಿನಿಂದ ಚಹಾ ತರುವವನಿಂದ ಹಿಡಿದು ಸಂಪಾದಕರವರೆಗೆ ಎಲ್ಲರಿಗೂ ಅವಳು ಡಿಪ್ಲೊಮಾ. ಸಂಪಾದಕರು ಮಾತ್ರ ಮುಂದೆ ಒಂದು ‘ಅಮ್ಮ’ ಸೇರಿಸುತ್ತಿದ್ದರು.

ತರಬೇತಿ ವರದಿಗಾರ್ತಿ ಎಂದು ಅವಳನ್ನು ತೆಗೆದುಕೊಂಡಿದ್ದರು. ಒಂದು ವರ್ಷದ ಅವಧಿ ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ಮುಗಿದ ಮೇಲೆ ಒಂದೋ ಕಾಯಂ, ಇಲ್ಲವೋ ಬಂದ ದಾರಿಗೆ ಸುಂಕವಿಲ್ಲ. ಅವಳಿಗಿಂತ ಮುಂಚೆ ಅದೇ ಕುರ್ಚಿಯಲ್ಲಿ ಕೂತಿದ್ದ ಹುಡುಗ ಎರಡನೆಯ ದಾರಿ ಹಿಡಿದಿದ್ದ. ಆ ಕುರ್ಚಿಗೆ ಒಂದೇ ಕೈ ಇತ್ತು. ಇನ್ನೊಂದು ಕೈಯನ್ನು ಹೋಗುವಾಗ ಅವನೇ ಮುರಿದುಕೊಂಡು ಹೋದ ಎಂದು ಕ್ರೀಡಾ ವರದಿಗಾರರು ಹೇಳುತ್ತಿದ್ದರು. ಅದಕ್ಕೆ ಬೇರೆ ಸಾಕ್ಷಿ ಇರಲಿಲ್ಲ.

ಸಾಕ್ಷಿಯ ವಿಷಯದಲ್ಲಿ ಆ ಕಚೇರಿ ಬಿಗಿ. ಬಿಗಿ ಮಾಡಿದವರು ಸುದ್ದಿ ತಿದ್ದುವ ಡೆಸ್ಕಿನ ಮುಖ್ಯಸ್ಥರು. ಯಾವ ಸುದ್ದಿ ತಂದುಕೊಟ್ಟರೂ ಅವರು ಕನ್ನಡಕ ಹಣೆಗೇರಿಸಿ ಕೇಳುವುದು ಒಂದೇ ಪ್ರಶ್ನೆ: “ಯಾರು ಹೇಳಿದ್ರು?” ಹೇಳಿದವರ ಹೆಸರು ಕೊಟ್ಟರೆ ಮುಂದಿನ ಪ್ರಶ್ನೆ: “ಇನ್ನೊಬ್ಬರು?” ಒಂದು ಸಂಗತಿ ಅಚ್ಚಾಗಬೇಕಾದರೆ ಎರಡು ಬಾಯಿಂದ ಬರಬೇಕು. ಎರಡನೆಯ ಬಾಯಿ ಸಿಗದ ಸುದ್ದಿಗಳು ಅವರ ಮೇಜಿನ ಎಡಗಡೆಯ ತಂತಿ ಬುಟ್ಟಿಯಲ್ಲಿ ಕೂತು ಹಳದಿಯಾಗುತ್ತಿದ್ದವು. ಅವಳ ಮೊದಲ ತಿಂಗಳ ಬರಹವೆಲ್ಲ ಆ ಬುಟ್ಟಿಗೇ ಹೋಗಿತ್ತು.

ಅವಧಿಯ ಕೊನೆಯ ತಿಂಗಳು ಪುರವಣಿಯ ತಿಂಗಳೂ ಆಗಿತ್ತು. ಪ್ರತಿ ವರ್ಷ ಪರೀಕ್ಷೆಗಳ ಫಲಿತಾಂಶ ಬರುವ ಹೊತ್ತಿಗೆ ಪತ್ರಿಕೆ ‘ಮುಂದೇನು?’ ಎಂಬ ಪುರವಣಿ ತರುತ್ತಿತ್ತು. ಡಾಕ್ಟರಾಗುವುದು ಹೇಗೆ, ವಕೀಲರಾಗುವುದು ಹೇಗೆ, ನರ್ಸ್ ಆಗುವುದು ಹೇಗೆ ಎಂದು ಪುಟಕ್ಕೊಂದು ಕಸುಬು. ಪುರವಣಿ ತಯಾರಾಗುವ ಕ್ರಮ ಎಲ್ಲರಿಗೂ ಗೊತ್ತಿತ್ತು. ಹೋದ ವರ್ಷದ ಪುಟವನ್ನು ಕಂಪ್ಯೂಟರಿನಲ್ಲಿ ತೆರೆಯುವುದು, ಅರ್ಜಿ ಹಾಕುವ ಕೊನೆಯ ದಿನಾಂಕ ಬದಲಿಸುವುದು, ಮುಚ್ಚುವುದು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ಇಷ್ಟು ವರ್ಷ ಅದು ಕೆಳಮಹಡಿಯ ಜಾಹೀರಾತು ವಿಭಾಗದ ಕೈಯಲ್ಲಿತ್ತು. ಈ ವರ್ಷ ಸಂಪಾದಕರು ಅದನ್ನು ಮೇಲೆ ತರಿಸಿ ಮುಖ್ಯಸ್ಥರಿಗೆ ವಹಿಸಿದ್ದರು.

ಮುಖ್ಯಸ್ಥರು ಅವಳನ್ನು ಕರೆದು ಒಂದು ಪುಟ ಕೊಟ್ಟರು. ‘ಪತ್ರಕರ್ತರಾಗುವುದು ಹೇಗೆ?’

“ನಿನ್ನ ಅವಧಿ ಮುಗೀತಾ ಬಂತಲ್ಲ. ಸಂಪಾದಕರು ನಿನ್ನ ಕೆಲಸ ಒಂದು ತೋರ್ಸಿ ಅಂದಿದ್ದಾರೆ. ಇದನ್ನ ತೋರಿಸ್ತೀನಿ. ಸರಿ ಮಾಡಿ ತಗೊಂಡ್ಬಾ.”

ಅವಳಿಗೆ ನಗು ಬಂತು. ಆ ಪುಟ ಅವಳಿಗೆ ಬಾಯಿಪಾಠ. ಅದರದೇ ಹಳೆಯ ಪ್ರತಿಯೊಂದು ಮನೆಯ ಬಟ್ಟೆ ಬೀರುವಿನ ಬಾಗಿಲಿನ ಒಳಗಡೆ ಅಂಟಿಕೊಂಡಿತ್ತು. ಅಂಟಿಸಿದವಳು ಅಮ್ಮ. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೇಲ್ವಿಚಾರಕಿ. ಅಪ್ಪ ತೀರಿಕೊಂಡ ಮೇಲೆ ಆ ಕೆಲಸದಲ್ಲೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವಳು. ಯಾರ ಮಾತನ್ನೂ ಸುಲಭಕ್ಕೆ ನಂಬದ ಹೆಂಗಸು, ಅಚ್ಚಾದದ್ದನ್ನು ಮಾತ್ರ ನಂಬುತ್ತಿದ್ದಳು. ದೊಡ್ಡವಳು ಪದವಿ ಮುಗಿಸಿ ಪತ್ರಕರ್ತೆಯಾಗುತ್ತೇನೆ ಎಂದು ಹಟ ಹಿಡಿದಾಗ ಅಮ್ಮ ಆ ಪುಟವನ್ನು ಕತ್ತರಿಸಿ ಇಟ್ಟುಕೊಂಡು, ನಡುವಿನ ಒಂದು ಸಾಲಿನ ಕೆಳಗೆ ಗೆರೆ ಎಳೆದಿದ್ದಳು: ‘ಪತ್ರಿಕೋದ್ಯಮ ಸಂಸ್ಥೆಯ ಡಿಪ್ಲೊಮಾ ಪಡೆದವರಿಗೆ ಪತ್ರಿಕೆಗಳಲ್ಲಿ ಕೂಡಲೇ ಉದ್ಯೋಗ ದೊರೆಯುತ್ತದೆ.’ ಊರಿನಲ್ಲಿದ್ದ ಪತ್ರಿಕೋದ್ಯಮ ಸಂಸ್ಥೆ ಒಂದೇ. ಬಸ್ ಡಿಪೋದ ಹಿಂದೆ, ಎರಡು ಅಂತಸ್ತಿನ ಕಟ್ಟಡ. ದೊಡ್ಡವಳು ಅಲ್ಲಿಗೇ ಸೇರಿದ್ದಳು. ಈಗ ಚಿಕ್ಕವಳೂ ಪದವಿ ಮುಗಿಸಿ ಅಲ್ಲಿಗೇ ಹೊರಟಿದ್ದಳು.

ಅವಳು ಅರ್ಧ ಗಂಟೆಯಲ್ಲಿ ದಿನಾಂಕ ಬದಲಿಸಿದಳು. ಒಂದೆರಡು ಕಡೆ ವಾಕ್ಯ ನೆಟ್ಟಗೆ ಮಾಡಿದಳು. ಮುಖ್ಯಸ್ಥರ ಸ್ವಭಾವ ಗೊತ್ತಿದ್ದರಿಂದ ಆ ನಡುವಿನ ಸಾಲಿಗೆ ಎರಡು ಬಾಯಿಯನ್ನೂ ಹುಡುಕಿ ಇಟ್ಟುಕೊಂಡಳು.

ಮುಖ್ಯಸ್ಥರು ಓದುತ್ತ ಓದುತ್ತ ಅಲ್ಲಿಗೇ ಬಂದು ನಿಂತರು. ಕನ್ನಡಕ ಹಣೆಗೇರಿತು.

“ಕೂಡಲೇ ಉದ್ಯೋಗ. ಯಾರು ಹೇಳಿದ್ರು?”

“ಸಂಸ್ಥೆಯವರ ಕೈಪಿಡೀಲೇ ಇದೆ ಸರ್. ಈ ವರ್ಷದ್ದು.”

“ಇನ್ನೊಬ್ಬರು?”

“ನಮ್ಮದೇ ಪತ್ರಿಕೆ ಸರ್. ಪ್ರತಿ ವರ್ಷವೂ ಬಂದಿದೆ.”

“ನಮ್ಮ ಪತ್ರಿಕೆಗೆ ಯಾರು ಹೇಳಿದ್ರು?”

ಅವಳು ಕೈಪಿಡಿಯನ್ನು ಅವರ ಮುಂದೆ ಸರಿಸಿದಳು.

“ಅವರ ಕೈಪಿಡಿಗೆ ಯಾರು ಹೇಳಿದ್ರು? ಅಷ್ಟು ಕೇಳ್ಕೊಂಡು ಬಾ, ಸಾಕು.”

ಅವಳು ತನ್ನ ಮೇಜಿಗೆ ಬಂದು ಸಂಸ್ಥೆಗೆ ಫೋನ್ ಮಾಡಿದಳು. ಪ್ರಿನ್ಸಿಪಾಲರೇ ಎತ್ತಿಕೊಂಡರು. ಹಳೆಯ ವಿದ್ಯಾರ್ಥಿನಿಯ ದನಿ ಕೇಳಿ ಅವರಿಗೆ ಖುಷಿಯೋ ಖುಷಿ.

“ಏನಮ್ಮಾ, ನಮ್ಮ ಸ್ಟಾರ್! ಅಮ್ಮ ಹೇಗಿದ್ದಾರೆ? ಮೊನ್ನೆ ತಾನೇ ಮಾತಾಡಿದೆ. ತಂಗೀನ ಕಳಿಸ್ತೀನಿ ಅಂದ್ರು. ಫೀಸಲ್ಲಿ ರಿಯಾಯಿತಿ ಕೊಡ್ತೀನಿ ಅಂತ ಹೇಳಿದ್ದೀನಿ, ಯೋಚನೆ ಮಾಡ್ಬೇಡ.”

“ಥ್ಯಾಂಕ್ಸ್ ಸರ್. ಒಂದು ವಿಷಯ ಕೇಳ್ಬೇಕಿತ್ತು. ಕೈಪಿಡೀಲಿ ‘ಪತ್ರಿಕೆಗಳಲ್ಲಿ ಕೂಡಲೇ ಉದ್ಯೋಗ’ ಅಂತ ಇದೆಯಲ್ಲ, ಅದಕ್ಕೆ ಆಧಾರ ಏನು ಸರ್?”

“ಆಧಾರವೇ? ಒಳ್ಳೇ ಕತೆ! ನಿಮ್ಮ ಪೇಪರ್‌ನಲ್ಲೇ ಬಂದಿದೆಯಲ್ಲಮ್ಮಾ. ವರ್ಷಾ ವರ್ಷಾ ಬರುತ್ತೆ. ಅದನ್ನ ನೋಡೇ ನಾವು ಕೈಪಿಡೀಲಿ ಹಾಕಿರೋದು. ನಿಮ್ಮ ಪೇಪರ್ ಸುಳ್ಳು ಬರಿಯುತ್ತಾ?”

ಅವಳು ಫೋನ್ ಇಟ್ಟಳು. ಎರಡು ಬಾಯಿ ಎಂದುಕೊಂಡಿದ್ದದ್ದು ಒಂದೇ ಬಾಯಿ. ಅಳಿಯ ಅಲ್ಲ, ಮಗಳ ಗಂಡ. ಪತ್ರಿಕೆ ಸಂಸ್ಥೆಯನ್ನು ನಂಬಿ ಬರೆಯುತ್ತಿತ್ತು, ಸಂಸ್ಥೆ ಪತ್ರಿಕೆಯನ್ನು ನಂಬಿ ಬರೆಯುತ್ತಿತ್ತು. ಮೊದಲು ಬರೆದವರು ಯಾರು ಎಂದು ಎರಡೂ ಕಡೆ ಯಾರಿಗೂ ಗೊತ್ತಿರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವರು ಒಬ್ಬರಲ್ಲ. ಎತ್ತೂ ಕೊಟ್ಟಿಗೆಯೂ ಎರಡು ಮನೆಯಲ್ಲಿದ್ದವು, ಕರು ಮಾತ್ರ ವರ್ಷ ವರ್ಷ ಅಚ್ಚಾಗುತ್ತಿತ್ತು. ಆ ಕರುವನ್ನು ನೋಡಿಯೇ ತಾನು ಆ ಸಂಸ್ಥೆಗೆ ಸೇರಿದ್ದು ಎಂಬುದು ನೆನಪಾಗಿ ಅವಳ ಕಿವಿ ಬಿಸಿಯಾಯಿತು.

ಫೋನಿನ ಮಾತನ್ನು ಮುಖ್ಯಸ್ಥರಿಗೆ ಹೇಳಿ, “ತೆಗೆಯೋದಾ, ಇಡೋದಾ ಸರ್, ಆ ಸಾಲು?” ಎಂದು ಕೇಳಿದಳು.

“ತೆಗೆದ್ರೆ ಆ ಜಾಗದಲ್ಲಿ ಏನು ಹಾಕ್ತೀಯ?”

“ನಿಜ ಏನಿದೆಯೋ ಅದು.”

“ನಿಜ ಏನಿದೆ?”

ಮುಖ್ಯಸ್ಥರು ಕನ್ನಡಕವನ್ನು ಮೂಗಿಗಿಳಿಸಿ ಬೇರೆ ಕಾಗದ ಎತ್ತಿಕೊಂಡರು. ಹೋಗು ಎಂದರ್ಥ.

ಮೊದಲು ಅವಳು ತನ್ನ ಜೊತೆ ಓದಿದವರಿಗೆ ಫೋನ್ ಮಾಡತೊಡಗಿದಳು. ಕೆಲವರ ನಂಬರು ಬದಲಾಗಿತ್ತು. ಸಿಕ್ಕವರು ಮಾತಿಗೆ ಹಸಿದಂತಿದ್ದರು. ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಸುದ್ದಿ ಓದುತ್ತಿದ್ದವಳು ಒಂದು ಬಟ್ಟೆ ಅಂಗಡಿಯ ಧ್ವನಿವರ್ಧಕದಲ್ಲಿ ರಿಯಾಯಿತಿ ದರ ಓದುತ್ತಿದ್ದಳು. “ದನಿ ಹಾಳಾಗಿಲ್ಲ ನೋಡು” ಎಂದು ನಕ್ಕಳು. ಒಬ್ಬ ವಿಮಾ ಕಂಪನಿಯಲ್ಲಿ, ಇನ್ನೊಬ್ಬಳು ಶಾಲೆಯಲ್ಲಿ. ಇಬ್ಬರು ಒಂದು ಕಂಪನಿಯ ಪ್ರಚಾರ ವಿಭಾಗದಲ್ಲಿ ಪತ್ರಿಕಾ ಪ್ರಕಟಣೆ ಬರೆಯುತ್ತಿದ್ದರು. ಸಂಬಳ ಚೆನ್ನಾಗಿದೆ, ಭಾನುವಾರ ರಜೆ, ವಾಪಸು ಬರುವ ಯೋಚನೆಯಿಲ್ಲ ಎಂದರು. ಕ್ಯಾಮೆರಾ ಹಿಡಿಯುತ್ತಿದ್ದವನು ಟಿ.ವಿ. ಚಾನೆಲ್ಲಿಗೆ ಸೇರಿದ್ದ, ಚಾನೆಲ್ ಮುಚ್ಚಿತ್ತು. ಯಾರೂ ಸಂಸ್ಥೆಯನ್ನು ಬೈಯಲಿಲ್ಲ. “ಕಲಿಸಿದ್ರು ಕಣೇ, ಇಲ್ಲ ಅನ್ನಕ್ಕಾಗಲ್ಲ. ಕಾನೂನು ಪಾಠ ಚೆನ್ನಾಗಿತ್ತು. ಕೆಲಸ ಕೊಡಿಸಲಿಲ್ಲ ಅಷ್ಟೆ” ಎಂದಳು ಬಟ್ಟೆ ಅಂಗಡಿಯವಳು. ಪತ್ರಿಕೆಯಲ್ಲಿ ಉಳಿದಿದ್ದವಳು ಇವಳೊಬ್ಬಳೇ, ಅದೂ ತಿಂಗಳ ಕೊನೆಯವರೆಗೆ.

ಹಾಗಾದರೆ ಪತ್ರಿಕೆಯಲ್ಲಿ ಇರುವವರೆಲ್ಲ ಎಲ್ಲಿಂದ ಬಂದರು? ಅವಳು ತಲೆ ಎತ್ತಿ ಕಚೇರಿಯನ್ನು ನೋಡಿದಳು. ಉತ್ತರ ಅಲ್ಲೇ ಕೂತು ಚಹಾ ಕುಡಿಯುತ್ತಿತ್ತು. ಪೆನ್ನು ತೆಗೆದುಕೊಂಡು ಮೇಜಿನಿಂದ ಮೇಜಿಗೆ ಹೊರಟಳು.

“ನಾನಾ? ಫುಟ್‌ಬಾಲ್ ರೆಫ್ರಿ ಆಗಿದ್ದೆ” ಎಂದರು ಕ್ರೀಡಾ ವರದಿಗಾರರು. “ಎರಡೂ ಕಡೆಯವರ ಹತ್ರ ಬೈಸಿಕೊಂಡು ಸಾಕಾಯ್ತು. ಒಂದು ದಿನ ಮ್ಯಾಚಿನ ವರದಿ ತಪ್ಪಾಗಿ ಬಂದಿತ್ತು. ನೇರ ಇಲ್ಲಿಗೇ ಬಂದು ಜಗಳ ಆಡಿದೆ. ಹಾಗಾದ್ರೆ ನೀವೇ ಬರೀರಿ ಅಂದ್ರು. ಬೈಯೋರ ಕಡೆಗೆ ಬಂದ್ಬಿಟ್ಟೆ.”

“ಅಚ್ಚಾಗುತ್ತೆ ಸರ್ ಇದು.”

“ಹಾಕು. ಸತ್ಯ ತಾನೇ? ನಮ್ಮ ಮನೆಯವಳನ್ನ ಕೇಳು, ಎರಡನೇ ಬಾಯಿ ಬೇಕಲ್ಲ ನಿಂಗೆ.”

ಅವಳು ನಿಜವಾಗಿಯೂ ಅವರ ಹೆಂಡತಿಗೆ ಫೋನ್ ಮಾಡಿ ಕೇಳಿದಳು. ಜಗಳ ಆಡಿದ್ದು ಒಂದು ದಿನವಲ್ಲ, ಮೂರು ದಿನ ಸತತವಾಗಿ ಹೋಗಿದ್ದರು ಎಂದು ತಿಳಿಯಿತು.

ಅಪರಾಧ ವರದಿಗಾರ ಕಾನೂನು ಓದಿ ಅರ್ಧಕ್ಕೆ ಬಿಟ್ಟವನು. ಕೋರ್ಟಿನ ಕ್ಯಾಂಟೀನಿನಲ್ಲಿ ಕೂತು ಕೇಳಿದ ಕೇಸುಗಳನ್ನು ಗೆಳೆಯರಿಗೆ ಹೇಳುತ್ತಿದ್ದವನಿಗೆ ಯಾರೋ, ಬಾಯಲ್ಲಿ ಹೇಳುವುದನ್ನು ಕೈಯಲ್ಲಿ ಬರಿ ಎಂದಿದ್ದರು. ಭಾನುವಾರದ ಪುಟ ನೋಡುವ ಮೇಡಂ ರಸಾಯನಶಾಸ್ತ್ರ ಓದಿದವರು. ಓದುಗರ ಪತ್ರಗಳ ಅಂಕಣಕ್ಕೆ ಊರಿನ ನೀರಿನ ಬಗ್ಗೆ ಬಿಡದೆ ಬರೆಯುತ್ತಿದ್ದರಂತೆ. “ಇವರ ಪತ್ರ ಹಾಕೋದಕ್ಕಿಂತ ಇವರಿಗೆ ಸಂಬಳ ಕೊಡೋದು ಸುಲಭ ಅಂತ ಹಳೇ ಸಂಪಾದಕರಿಗೆ ಅನ್ನಿಸ್ತು ಅಂತ ಕಾಣುತ್ತೆ” ಎಂದರು ಮೇಡಂ. ವಾಣಿಜ್ಯ ವರದಿಗಾರ ಮಾತ್ರ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಎಂ.ಎ. ಮಾಡಿ, ಪ್ರವೇಶ ಪರೀಕ್ಷೆ ಬರೆದು, ಹೆದ್ದಾರಿಯಲ್ಲಿ ಬಂದಂತೆ ಬಂದವನು. ಆದರೂ ಗೊಣಗಿದ: “ಎಂ.ಎ. ಬಾಗಿಲು ತೆಗೀತು, ನಿಜ. ಒಳಗೆ ಬಂದ್ರೆ ಕಂಪನಿ ಲೆಕ್ಕಪತ್ರ ಕೊಟ್ಟು ಓದು ಅಂದ್ರು. ಅದನ್ನ ಕಲಿಯೋಕೆ ಎರಡು ವರ್ಷ ಸಂಜೆ ಕಾಲೇಜಿಗೆ ಹೋದೆ. ಅದನ್ನೂ ಬರಿ.”

ಕೊನೆಗೆ ಮುಖ್ಯಸ್ಥರ ಮೇಜು.

“ಗಣಿತದ ಮೇಷ್ಟ್ರಾಗಿದ್ದೆ” ಎಂದರು ತಲೆ ಎತ್ತದೆ. “ಹುಡುಗರು ಉತ್ತರ ಹೇಳಿದ್ರೆ ‘ಹೇಗೆ ಬಂತು’ ಅಂತ ಕೇಳ್ತಿದ್ದೆ. ಇಲ್ಲಿ ‘ಯಾರು ಹೇಳಿದ್ರು’ ಅಂತೀನಿ. ಕೆಲಸ ಅದೇ. ಇಲ್ಲಿ ಹುಡುಗರಿಗೆ ವಯಸ್ಸು ಜಾಸ್ತಿ.” ಆಮೇಲೆ ತಲೆ ಎತ್ತಿ ಕೇಳಿದರು: “ನೀನು ಹೇಗೆ ಬಂದೆ?”

“ನಿಮಗೆ ಗೊತ್ತಲ್ಲ ಸರ್.”

“ನನಗೆ ಗೊತ್ತು. ಪುಟಕ್ಕೆ ಗೊತ್ತಿಲ್ಲ.”

ಅವಳು ಬಂದದ್ದು ಡಿಪ್ಲೊಮಾ ತೋರಿಸಿಯಲ್ಲ. ಡಿಪ್ಲೊಮಾ ಮುಗಿದ ಮೇಲೆ ಒಂದು ವರ್ಷ ಅವಳು ಕಳಿಸಿದ ಅರ್ಜಿಗಳಿಗೆ ಉತ್ತರವೇ ಬಂದಿರಲಿಲ್ಲ. ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ ಬಂದಿದ್ದ ಬಸ್ಸಿನ ಹೊಸ ವೇಳಾಪಟ್ಟಿ ತಪ್ಪಾಗಿದೆ ಎಂದು ಕಚೇರಿಗೆ ಫೋನ್ ಮಾಡಿದ್ದಳು. ಎತ್ತಿಕೊಂಡವರು ಮುಖ್ಯಸ್ಥರು. “ಯಾರು ಹೇಳಿದ್ರು?” ಎಂದಿದ್ದರು. “ಯಾರೂ ಹೇಳಿಲ್ಲ, ನಿಲ್ದಾಣದಲ್ಲಿ ನಿಂತು ನೋಡಿದೆ. ಕಂಡಕ್ಟರನ್ನೂ ಕೇಳಿದೆ” ಎಂದಿದ್ದಳು. ಸೋಮವಾರ ಬಂದು ಪರೀಕ್ಷೆ ಬರೆಯಿರಿ ಎಂದಿದ್ದರು. ಆ ಪರೀಕ್ಷೆಯಲ್ಲಿ ಡಿಪ್ಲೊಮಾದಲ್ಲಿ ಕಲಿತ ಕಾನೂನು ಪಾಠ ಕೈ ಹಿಡಿಯಿತು, ಅದೂ ನಿಜ.

ಎರಡನ್ನೂ ಬರೆದಳು. ಇತರರ ಕತೆಗಳ ಜೊತೆ, ಹೆಸರಿಲ್ಲದೆ, ‘ಒಬ್ಬ ತರಬೇತಿ ವರದಿಗಾರ್ತಿ’ ಎಂದು. ಸಂಸ್ಥೆಯಲ್ಲಿ ಏನೇನು ಕಲಿಸುತ್ತಾರೆ, ಅವಳ ಜೊತೆ ಓದಿದವರು ಈಗ ಏನು ಮಾಡುತ್ತಿದ್ದಾರೆ ಎಂಬುದನ್ನೂ ಬರೆದಳು. ‘ಕೂಡಲೇ ಉದ್ಯೋಗ’ ಹೋಯಿತು. ಬೈಗುಳ ಇರಲಿಲ್ಲ, ಹೊಗಳಿಕೆಯೂ ಇರಲಿಲ್ಲ. ಮುಖ್ಯಸ್ಥರು ಇಡೀ ಪುಟ ಓದಿ, ಎಡಗಡೆಯ ಬುಟ್ಟಿಗೆ ಹಾಕದೆ ಬಲಗಡೆ ಇಟ್ಟರು.

ಮಾರನೆಯ ದಿನ ಮಧ್ಯಾಹ್ನ ಪುಟ ವಿನ್ಯಾಸ ಮಾಡುವವನು ಅವಳನ್ನು ಕರೆದ. “ಏ ಡಿಪ್ಲೊಮಾ, ಬಾ ಇಲ್ಲಿ, ನಿನ್ನ ಫೋಟೋ ಬಂದಿದೆ.”

ಪುರವಣಿಯ ಕೊನೆಯ ಪುಟ ಪೂರ್ತಿ ಸಂಸ್ಥೆಯ ಜಾಹೀರಾತು. ನಡುವೆ, ಅಂಗೈಯಗಲ, ಅವಳ ಮುಖ. ಪದವಿ ಪ್ರದಾನದ ದಿನ ತೆಗೆಸಿದ್ದ ಫೋಟೋ. ಅಮ್ಮನ ಹತ್ತಿರ ಮಾತ್ರ ಇದ್ದದ್ದು. ಕೆಳಗೆ ದಪ್ಪಕ್ಷರದಲ್ಲಿ: ‘ನಮ್ಮ ಡಿಪ್ಲೊಮಾ, ಇಂದು ಇದೇ ಪತ್ರಿಕೆಯ ವರದಿಗಾರ್ತಿ!’

ಅವಳು ಕುರ್ಚಿಯ ಇದ್ದ ಒಂದು ಕೈಯನ್ನು ಹಿಡಿದುಕೊಂಡು ಕೂತಳು. ಮುಖ್ಯಸ್ಥರು ಬಂದು ಪರದೆ ನೋಡಿದರು.

“ವರದಿಗಾರ್ತಿ. ಯಾರು ಹೇಳಿದ್ರು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೆಳಮಹಡಿಗೆ ಫೋನ್ ಮಾಡಿದರು. “ನಮ್ಮ ಸಿಬ್ಬಂದಿ ಬಗ್ಗೆ ನಮ್ಮ ಪೇಪರ್‌ನಲ್ಲೇ ತಪ್ಪು ಅಚ್ಚಾಗಕ್ಕಾಗಲ್ಲ. ಜಾಹೀರಾತೇ ಆಗ್ಲಿ. ಈ ಹುಡುಗಿ ಇನ್ನೂ ತರಬೇತೀಲಿದ್ದಾಳೆ.”

ಜಾಹೀರಾತು ಮ್ಯಾನೇಜರ್ ಮೆಟ್ಟಿಲು ಹತ್ತಿ ಬಂದರು. ದಪ್ಪ ಮನುಷ್ಯ, ಏದುಸಿರಿನಲ್ಲೂ ನಗುವವರು.

“ಅಯ್ಯೋ ಮೇಷ್ಟ್ರೇ, ಇಷ್ಟು ದಿನದ ಮೇಲೆ ಕೊನೇ ಪುಟ ಪೂರ್ತಿ ತುಂಬಿದೆ, ಕಲ್ಲು ಹಾಕ್ಬೇಡಿ. ತರಬೇತಿ ಅಂತ ಹಾಕಿದ್ರೆ ಆ ಪ್ರಿನ್ಸಿಪಾಲರು ಒಪ್ತಾರಾ? ಯಾರು ಬಂದು ಸೇರ್ತಾರೆ?” ಎಂದು ಅವಳ ಕಡೆ ತಿರುಗಿದರು. “ಏನಮ್ಮಾ, ನಿನ್ನ ಅವಧಿ ಮುಗಿಯೋಕೆ ಎಷ್ಟು ದಿನ ಇದೆ? ನಾಲ್ಕು ದಿನ ತಾನೇ? ನಾಲ್ಕು ದಿನ ಮುಂಚೆ ಆದ್ರೆ ಆಕಾಶ ಬೀಳುತ್ತಾ? ಇರು, ಹಾವೂ ಸಾಯಬೇಕು, ಕೋಲೂ ಮುರೀಬಾರದು. ನಾನು ನೋಡ್ಕೋತೀನಿ.”

ಎಂದವರೇ ಸಂಪಾದಕರ ಕೋಣೆಗೆ ನುಗ್ಗಿದರು. ಗಾಜಿನ ಆಚೆ ಅವರ ಕೈ ಮೇಲೆ ಕೆಳಗೆ ಆಡುವುದು ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಸಂಪಾದಕರು ಮುಖ್ಯಸ್ಥರನ್ನು ಒಳಗೆ ಕರೆದರು. ಮುಖ್ಯಸ್ಥರು ಹೊರಬಂದು ನೇರ ಅವಳ ಮೇಜಿಗೆ ಬಂದರು.

“ಕೇಳು. ಇವತ್ತೇ ನಿನ್ನ ಕಾಯಂ ಮಾಡಿದ್ರೆ ಜಾಹೀರಾತು ನಿಜ ಆಗುತ್ತೆ. ಸಂಪಾದಕರಿಗೆ ಅಡ್ಡಿ ಇಲ್ಲ. ನಿನ್ನ ಕೆಲಸದ ಬಗ್ಗೆ ನಂದೂ ತಕರಾರಿಲ್ಲ, ಅದು ಬೇರೆ ಮಾತು. ಆರ್ಡರ್ ಟೈಪ್ ಮಾಡಿಸ್ಲಾ ಅಂತ ಕೇಳ್ತಿದ್ದಾರೆ. ಬೇಡ ಅಂದ್ರೆ ತಿಂಗಳ ಕೊನೆಗೆ ಏನಾಗುತ್ತೋ ನಾನು ಮಾತು ಕೊಡಲ್ಲ. ಜಾಹೀರಾತು ಕೈ ತಪ್ಪಿದ್ರೆ ಅವರಿಗೆ ನಿನ್ನ ಮೇಲೆ ಸಿಟ್ಟಂತೂ ಬರುತ್ತೆ.”

ಅವಳು ಎದ್ದು ನೀರಿನ ಫಿಲ್ಟರಿನ ಹತ್ತಿರ ಹೋಗಿ ಒಂದು ಲೋಟ ನೀರು ಕುಡಿದಳು. ಒಂದು ವರ್ಷದಿಂದ ಕಾದಿದ್ದ ಕಾಗದ. ‘ಹೂಂ’ ಎಂದರೆ ಸಾಯಂಕಾಲ ಅಮ್ಮನ ಕೈಗೆ ಕೊಡಬಹುದು. ಜಾಹೀರಾತಿನಲ್ಲಿ ಒಂದಕ್ಷರವೂ ಸುಳ್ಳಿರುವುದಿಲ್ಲ. ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಇನ್ನೊಂದು ಲೋಟ ಹಿಡಿದಳು, ಕುಡಿಯಲಿಲ್ಲ. ವಾಪಸು ಬಂದಳು.

“ಸರ್, ಹಾಗೆ ಮಾಡಿದ್ರೆ ನನಗೆ ಕೆಲಸ ಸಿಕ್ಕಿದ್ದು ಯಾರಿಂದ?”

“ಅಂದ್ರೆ?”

“ಸಂಸ್ಥೆಯ ಜಾಹೀರಾತಿಂದ ತಾನೇ. ಅವರ ಡಿಪ್ಲೊಮಾ ಇದ್ದದ್ದಕ್ಕೆ ನನ್ನ ಫೋಟೋ, ಫೋಟೋ ಇದ್ದದ್ದಕ್ಕೆ ಆರ್ಡರ್. ಹಾಗಾದ್ರೆ ನಾನು ಹೊಡೆದು ಹಾಕಿದ ಸಾಲು ನಿಜವೇ ಆಗೋಯ್ತಲ್ಲ. ಒಂದೇ ಪುರವಣೀಲಿ, ಮೂರನೇ ಪುಟದಲ್ಲಿ ನಾನು ಒಂದು ಬರೆದು, ಕೊನೇ ಪುಟದಲ್ಲಿ ಇನ್ನೊಂದು ಆಗಿ ನಿಂತಿರ್ತೀನಿ.”

ಮುಖ್ಯಸ್ಥರು ಕನ್ನಡಕವನ್ನು ಹಣೆಗೂ ಏರಿಸಲಿಲ್ಲ, ಮೂಗಿಗೂ ಇಳಿಸಲಿಲ್ಲ. ಕೈಯಲ್ಲೇ ಹಿಡಿದುಕೊಂಡರು.

“ತರಬೇತಿ ಅಂತ ಸೇರಿಸ್ಲಿ ಸರ್. ಆಗಲ್ಲ ಅಂದ್ರೆ ಫೋಟೋ ತೆಗೀಲಿ.”

“ಯೋಚನೆ ಮಾಡಿ ಹೇಳ್ತಿದ್ದೀಯಾ?”

“ಒಂದೂವರೆ ಲೋಟ ನೀರಿನಷ್ಟು ಮಾಡಿದೆ ಸರ್.”

ಪ್ರಿನ್ಸಿಪಾಲರು ನಾಲ್ಕು ಅಕ್ಷರದ ಆ ಪದಕ್ಕೆ ಒಪ್ಪಲಿಲ್ಲ. ಅವಳ ಮುಖದ ಜಾಗದಲ್ಲಿ ಸಂಸ್ಥೆಯ ಕಟ್ಟಡದ ಚಿತ್ರ ಬಂತು. ಜಾಹೀರಾತು ಪೂರ್ತಿ ಪುಟದಿಂದ ಅರ್ಧ ಪುಟಕ್ಕೆ ಇಳಿಯಿತು. ಮ್ಯಾನೇಜರ್ ನಗುತ್ತಲೇ, “ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಿನ್ನದೂ, ನನ್ನದೂ” ಎಂದು ಮೆಟ್ಟಿಲಿಳಿದು ಹೋದರು. ಆಮೇಲೆ ಅವಳನ್ನು ಕಂಡಾಗ ನಗಲಿಲ್ಲ.

ಮನೆಗೆ ಅವಳಿಗಿಂತ ಮುಂಚೆ ಪ್ರಿನ್ಸಿಪಾಲರ ಫೋನ್ ಹೋಗಿತ್ತು. ಅಮ್ಮ ಬಾಗಿಲಲ್ಲೇ ಹಿಡಿದುಕೊಂಡಳು.

“ಉಂಡ ಮನೆಗೆ ಎರಡು ಬಗೀತಾರೇನೇ? ವಿದ್ಯೆ ಕೊಟ್ಟೋರು. ಚಿಕ್ಕವಳಿಗೆ ರಿಯಾಯಿತಿ ಅಂದಿದ್ರು, ಈಗ ಇಲ್ಲ ಅಂತಾರೆ. ನಿನ್ನ ಫೋಟೋ ಪೇಪರಲ್ಲಿ ಬರುತ್ತೆ ಅಂತ ಲಾಂಡ್ರೀಲಿ ಎಲ್ರಿಗೂ ಹೇಳಿದ್ದೆ ನಾನು!”

“ನನ್ನ ಕೇಳದೆ ಫೋಟೋ ಯಾಕೆ ಕೊಟ್ಟೆ ಅಮ್ಮಾ?”

“ಹೆತ್ತವಳು ಮಗಳ ಫೋಟೋ ಕೊಡೋಕೆ ಅರ್ಜಿ ಹಾಕ್ಬೇಕಿತ್ತಾ?” ಎಂದು ಅಮ್ಮ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಆ ರಾತ್ರಿ ಪಾತ್ರೆಗಳು ಬೇಕಾದ್ದಕ್ಕಿಂತ ಹೆಚ್ಚು ಸದ್ದು ಮಾಡಿದವು.

ಪುರವಣಿ ಭಾನುವಾರ ಬಂತು. ಅಮ್ಮ ಮೊದಲು ಕೊನೆಯ ಪುಟ ತಿರುಗಿಸಿ ಕಟ್ಟಡವನ್ನು ನೋಡಿ ಮುಖ ಸಿಂಡರಿಸಿದಳು. ಆಮೇಲೆ ಮೂರನೆಯ ಪುಟವನ್ನು ಬೆರಳಿಟ್ಟು ಸಾಲು ಸಾಲಾಗಿ ಓದಿದಳು. ಬಟ್ಟೆ ಅಂಗಡಿಯವಳ ಹತ್ತಿರ ಬೆರಳು ನಿಂತಿತು.

“ಇವಳು ನಮ್ಮನೆಗೆ ಬರ್ತಿದ್ದಳಲ್ಲ, ಆ ಹುಡುಗಿ ತಾನೇ? ಇಷ್ಟು ಚೆನ್ನಾಗಿ ಓದ್ತಿದ್ದೋಳು... ಇದು ನಿಜವಾ?”

“ಅವಳನ್ನೂ ಕೇಳಿದೆ, ಅವಳ ಅಣ್ಣನನ್ನೂ ಕೇಳಿದೆ.”

“ಮತ್ತೆ ಇದರಲ್ಲಿ ನಿನ್ನ ಹೆಸರೇ ಇಲ್ಲವಲ್ಲ?”

“ಪುರವಣೀಲಿ ಹೆಸರು ಹಾಕಲ್ಲ ಅಮ್ಮಾ.”

ಅಮ್ಮ ಪುಟವನ್ನು ದೊಡ್ಡವಳ ಕೈಗೆ ಕೊಟ್ಟು ಅಡುಗೆಮನೆಗೆ ಹೋದಳು. ತಂಗಿ ಪುಟವನ್ನು ಕಿತ್ತುಕೊಂಡು ನಿಂತೇ ಓದಿದಳು.

“ಅಕ್ಕಾ, ಇದನ್ನ ಓದಿದ್ರೆ ನಾನು ಏನು ಓದ್ಬೇಕು ಅಂತಾನೇ ಗೊತ್ತಾಗಲ್ಲ. ಒಬ್ಬರು ಲಾಯರ್ ಅರ್ಧ, ಒಬ್ಬರು ಮೇಷ್ಟ್ರು, ಒಬ್ಬರು ರೆಫ್ರಿ. ನಾನು ಸೀಟಿ ಊದೋದು ಕಲೀಲಾ?”

“ಮೊದಲು ಯಾವುದರ ಬಗ್ಗೆ ಬರೀಬೇಕು ಅಂತ ನೋಡ್ಕೋ. ಅದನ್ನ ಓದು. ಡಿಪ್ಲೊಮಾ ಬೇಕಂದ್ರೆ ಆಮೇಲೂ ಮಾಡಬಹುದು, ಕಟ್ಟಡ ಎಲ್ಲೂ ಹೋಗಲ್ಲ.”

“ಅಮ್ಮನ ಲಾಂಡ್ರಿ ಬಗ್ಗೆ ಬರೀತೀನಿ.”

“ಬರಿ” ಎಂದಳು ಅಮ್ಮ ಒಳಗಿಂದ. “ಹೋದ ತಿಂಗಳಿಂದ ಬಿಸಿನೀರಿಲ್ಲ ಅಲ್ಲಿ. ತಣ್ಣೀರಲ್ಲಿ ಆಪರೇಷನ್ ಬಟ್ಟೆ ಒಗೀತಿದ್ದೀವಿ, ಯಾರು ಕೇಳ್ತಾರೆ?”

ಅಕ್ಕ ತಂಗಿ ಇಬ್ಬರೂ ಒಂದೇ ಸಲ ಅಡುಗೆಮನೆಯ ಕಡೆ ತಿರುಗಿದರು.

ಸೋಮವಾರ ಅವಳು ಕಚೇರಿಗೆ ಹೋದಾಗ ಮೇಜಿನ ಮೇಲೆ ಪುರವಣಿಯ ಇನ್ನೊಂದು ಪುಟವಿತ್ತು. ‘ನರ್ಸ್ ಆಗುವುದು ಹೇಗೆ?’ ಅದರ ನಡುವೆ ಒಂದು ಸಾಲಿನ ಕೆಳಗೆ ಪೆನ್ಸಿಲಿನ ಗೆರೆ: ‘ತರಬೇತಿ ಮುಗಿಸಿದವರಿಗೆ ವಿದೇಶಗಳಲ್ಲಿ ಕೂಡಲೇ ಉದ್ಯೋಗ ದೊರೆಯುತ್ತದೆ.’

ಅವಳು ಅದನ್ನು ಹಿಡಿದುಕೊಂಡು ಮುಖ್ಯಸ್ಥರ ಹತ್ತಿರ ಹೋದಳು.

“ನಿನ್ನೆ ಅಚ್ಚಾಗಿ ಹೋಯ್ತಲ್ಲ ಸರ್ ಇದು.”

“ಹೋಯ್ತು. ನಿನ್ನ ಪುಟ ಒಂದು ಬಿಟ್ಟು ಬೇರೆ ಎಲ್ಲದರಲ್ಲೂ ದಿನಾಂಕ ಬದಲಿಸಿ ಕೊಟ್ಟಿದ್ದಾರೆ. ನಾನೂ ಬಿಟ್ಟೆ, ಹೊತ್ತಿರಲಿಲ್ಲ. ಮುಂದಿನ ವರ್ಷಕ್ಕೆ ಈಗಿಂದ ಶುರು ಮಾಡು. ಇದು, ಆಮೇಲೆ ವಕೀಲರು, ಆಮೇಲೆ ಡಾಕ್ಟರು. ನಿನ್ನ ಮಾಮೂಲಿ ಕೆಲಸದ ಜೊತೆಗೆ.”

“ನನ್ನ ಅವಧಿ ನಾಳೆಗೆ ಮುಗಿಯುತ್ತೆ ಸರ್.”

“ಮುಗಿಯುತ್ತೆ. ನಾಡಿದ್ದರಿಂದ ಕಾಯಂ.”

ಅವಳು ಪುಟವನ್ನು ಎರಡು ಸಲ ಮಡಚಿ ಮತ್ತೆ ಬಿಡಿಸಿದಳು. “ಯಾರು ಹೇಳಿದ್ರು ಸರ್?”

“ಸಂಪಾದಕರು.”

“ಇನ್ನೊಬ್ಬರು?”

“ನಾನು ಹೇಳ್ತಿದ್ದೀನಲ್ಲ.”

“ಸಂಪಾದಕರು ನಿಮಗೆ ಹೇಳಿದ್ದಾ, ನೀವು ಸಂಪಾದಕರಿಗೆ ಹೇಳಿದ್ದಾ ಸರ್? ಯಾಕಂದ್ರೆ ಎರಡರಲ್ಲಿ ಯಾವುದಾದ್ರೂ ಅದು ಒಂದೇ ಬಾಯಿ ಆಗುತ್ತೆ.”

ಪಕ್ಕದ ಮೇಜಿನ ಕ್ರೀಡಾ ವರದಿಗಾರರು ಚಹಾ ಲೋಟದೊಳಗೇ ನಕ್ಕು ಕೆಮ್ಮಿದರು. ಮುಖ್ಯಸ್ಥರು ಕನ್ನಡಕ ಹಣೆಗೇರಿಸಿ ಅವಳನ್ನು ನೋಡಿದರು.

“ಆರ್ಡರ್ ಕಾಗದ ಕೈಗೆ ಬಂದ ಮೇಲೆ ನಂಬು. ಅಲ್ಲೀವರೆಗೂ ಮನೇಲಿ ಹೇಳ್ಬೇಡ.”

“ಸರಿ ಸರ್.”

ಅವಳು ತನ್ನ ಒಂದು ಕೈಯ ಕುರ್ಚಿಗೆ ಬಂದು ಕೂತು ಫೋನ್ ಎತ್ತಿ ಅಮ್ಮನ ಆಸ್ಪತ್ರೆಯ ನಂಬರು ಒತ್ತಿದಳು. ನರ್ಸಿಂಗ್ ಸೂಪರಿಂಟೆಂಡೆಂಟ್ ಅವರಿಗೆ ಫೋನ್ ಕೊಡಿ ಎಂದಳು. ಲೈನಿಗೆ ಬರುವವರೆಗೆ ಕಾಗದದ ತುದಿಯಲ್ಲಿ ಎರಡನೆಯ ಪ್ರಶ್ನೆಯನ್ನೂ ಬರೆದುಕೊಂಡಳು: ಲಾಂಡ್ರಿಯಲ್ಲಿ ಬಿಸಿನೀರು?